ಪೂಜೆಗೆ ಕೂತ ಗಡಿಯಾರದ ಕೀ

ನಮ್ಮ ಮನೆಯಲ್ಲಿ ಗೋಡೆ ಗಡಿಯಾರಕ್ಕೆ ಕೀ ಕೊಡುವ ಅಧಿಕಾರ ನನಗಿಲ್ಲ. ವಿಶ್ವವಿದ್ಯಾನಿಲಯ ನನಗೆ ಎಂ.ಎ. ಪದವಿ ಕೊಟ್ಟಿದೆ, ಕಪ್ಪು ನಿಲುವಂಗಿ ತೊಟ್ಟು ಫೋಟೋ ತೆಗೆಸಿಕೊಳ್ಳುವ ಗೌರವವನ್ನೂ ಕೊಟ್ಟಿದೆ; ಆದರೆ ಚಾಮರಾಜಪೇಟೆಯ ನಮ್ಮ ನಡುಮನೆಯಲ್ಲಿ, ಕಿಟಕಿಯ ಪಕ್ಕದ ಗೋಡೆಯ ಮೇಲೆ ನೇತಾಡುವ ಆ ಮರದ ಪೆಟ್ಟಿಗೆಯ ಗಾಜಿನ ಬಾಗಿಲಿಗೆ ನಾನು ಕೈ ಹಾಕಿದರೆ ಸಾಕು, ಅಮ್ಮ ಅಡುಗೆಮನೆಯಿಂದಲೇ, ಬೆನ್ನಿಗೂ ಕಣ್ಣಿರುವವಳಂತೆ, "ಬೇಡ ಕಣೇ ಪುಟ್ಟಿ, ನೀನು ಮುಟ್ಬೇಡ, ನಿಮ್ಮಪ್ಪ ಬರ್ಲಿ" ಎನ್ನುತ್ತಾಳೆ. ಈ ನಿಷೇಧಕ್ಕೊಂದು ಕಥೆಯಿದೆ. ಆ ಕಥೆ ನನ್ನದೇ ಆದರೂ ಅದರ ಕೆಲವು ವಿವರಗಳು ನನಗೆ ತಪ್ಪಾಗಿ ನೆನಪಿರಬಹುದು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇದು ವಿನಯದ ಮಾತಲ್ಲ. ಕಾಲೇಜು ಸೇರಿದ ವರ್ಷದಿಂದ ನನಗೆ ದಿನಚರಿ ಬರೆಯುವ ಚಟ ಹತ್ತಿದೆ. ಚಿಕ್ಕಂದಿನ ಈ ಪ್ರಸಂಗವನ್ನು ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಮನಃಸ್ಥಿತಿಗಳಲ್ಲಿ ಅದರಲ್ಲಿ ಬರೆದಿಟ್ಟಿದ್ದೇನೆ. ಒಂದರಲ್ಲಿ ಆ ದಿನ ಜಿಟಿಜಿಟಿ ಮಳೆ. ಇನ್ನೊಂದರಲ್ಲಿ ಮೋಡ ಮಾತ್ರ. ಒಂದರಲ್ಲಿ ನಾನು ಹಸಿರು ಲಂಗ ತೊಟ್ಟಿದ್ದೇನೆ. ಇನ್ನೊಂದರಲ್ಲಿ ಆ ಹಸಿರು ಲಂಗ ನನ್ನ ಗೆಳತಿಯ ಮೈಮೇಲಿದೆ, ನನಗೆ ಅದರ ಮೇಲೆ ಹೊಟ್ಟೆಕಿಚ್ಚಿದೆ. ಲಂಗ ನನ್ನದಾಗಿದ್ದುದಕ್ಕಿಂತ ಹೊಟ್ಟೆಕಿಚ್ಚು ನನ್ನದಾಗಿದ್ದುದೇ ಹೆಚ್ಚು ಸಂಭವನೀಯವೆಂದು ಈಗ ತೋರುತ್ತದೆ. ಆದ್ದರಿಂದ, ಓದುಗರೇ, ನೀವು ನನ್ನ ಜೊತೆ ಬರುವುದಾದರೆ ಬೆಳಗಿನ ಮಂಜಿನಲ್ಲಿ ಲಾಲ್‌ಬಾಗಿನೊಳಗೆ ನಡೆದಂತೆ ಬನ್ನಿ. ಮರ ಇದೆ ಎಂದು ಗೊತ್ತಾಗುತ್ತದೆ. ಯಾವ ಮರ ಎಂಬುದು ಹತ್ತಿರ ಹೋಗಿ ಮುಟ್ಟುವವರೆಗೂ ತಿಳಿಯುವುದಿಲ್ಲ.

ಅದು ಯುದ್ಧದ ಕಾಲ. ಯುದ್ಧವೆಂದರೆ ನಮ್ಮ ಬೀದಿಗೆ ಬಾಂಬು ಬಿದ್ದಿತ್ತೆಂದಲ್ಲ. ಸಕ್ಕರೆ ರೇಷನ್ನಿಗೆ ಬಿದ್ದಿತ್ತು, ಅಷ್ಟೆ. ಇನ್ನೊಂದು ಸಂಗತಿಯೂ ನಡೆದಿತ್ತು: ಸರ್ಕಾರ ಎಲ್ಲರ ಗಡಿಯಾರವನ್ನೂ ಒಂದು ಗಂಟೆ ಮುಂದಕ್ಕೆ ತಿರುಗಿಸಿಬಿಟ್ಟಿತ್ತು. ಹಗಲಿನ ಬೆಳಕನ್ನು ಉಳಿತಾಯ ಮಾಡಿ ಯುದ್ಧ ಗೆಲ್ಲುವ ಉಪಾಯವಂತೆ. ಕಛೇರಿ, ಶಾಲೆ, ರೈಲುಗಳೆಲ್ಲ 'ಹೊಸ ಟೈಮಿ'ಗೆ ಒಗ್ಗಿಕೊಂಡವು. ಹಿರಿಯರು ಕೆಲವರು ಒಗ್ಗಲಿಲ್ಲ. ನಮ್ಮ ಅಜ್ಜಿ ಅಂಥವರಲ್ಲೊಬ್ಬಳು. "ಸೂರ್ಯಂಗೇ ಹೇಳಿಕೊಡಕ್ಕೆ ಹೊರಟ್ರಾ ಇವ್ರು" ಎಂದು ಅವಳು ತನ್ನ ಸಂಧ್ಯಾದೀಪವನ್ನು ಹಳೆಯ ಟೈಮಿಗೇ ಹಚ್ಚುತ್ತಿದ್ದಳು. ನಮ್ಮ ಶಾಲೆಯ ಎದುರು ಮನೆಯಲ್ಲಿದ್ದ ನಿವೃತ್ತ ಶಾನುಭೋಗರು ಅವಳಿಗಿಂತಲೂ ಒಂದು ಕೈ ಮೇಲು. ಅವರು ತಮ್ಮ ಗಡಿಯಾರವನ್ನು ಮುಂದಕ್ಕೆ ತಿರುಗಿಸಲು ಬಂದ ಸ್ವಂತ ಮಗನ ಮೇಲೆ ಊರುಗೋಲು ಎತ್ತಿದ್ದರೆಂದು ಬೀದಿಯಲ್ಲಿ ಪ್ರತೀತಿಯಿತ್ತು. ಈ ಶಾನುಭೋಗ ತಾತನನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಂಡಿರಿ. ಮುಂದೆ ಅವರಿಂದ ಕೆಲಸವಿದೆ.

ನಮ್ಮದು ಹುಡುಗಿಯರ ಮಿಡ್ಲ್ ಸ್ಕೂಲು. ಹೆಂಚಿನ ಕಟ್ಟಡ, ಮುಂದೆ ಒಂದು ಹೊಂಗೆ ಮರ, ಮರದ ಕೊಂಬೆಗೆ ನೇತುಹಾಕಿದ ರೈಲು ಹಳಿಯ ತುಂಡು. ಆಯಾ ತಾಯಮ್ಮ ಕಬ್ಬಿಣದ ಸರಳಿನಿಂದ ಅದಕ್ಕೆ ಬಡಿದರೆ ಅದೇ ಗಂಟೆ. ಯಾವಾಗ ಬಡಿಯಬೇಕೆಂದು ಹೇಳುತ್ತಿದ್ದುದು ಹೆಡ್ ಮಿಸ್ಸಿನ ಕೋಣೆಯ ಗೋಡೆ ಗಡಿಯಾರ. ಅದೊಂದು ಮುದಿ ಯಂತ್ರ. ಮಿಕ್ಕವರ ಮನೆಯ ಗಡಿಯಾರಗಳು ವಾರಕ್ಕೊಮ್ಮೆ ಕೀ ಕೊಟ್ಟರೆ ಓಡುತ್ತಿದ್ದರೆ, ಇದಕ್ಕೆ ದಿನವೂ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೊಡಬೇಕಾಗಿತ್ತು. ಕೊಡದಿದ್ದರೆ ಸ್ವಲ್ಪ ಹೊತ್ತು ಕುಂಟಿ, ನಿಂತು, ನಿದ್ದೆ ಹೋಗುತ್ತಿತ್ತು. ಶಾಲೆಯಲ್ಲಿ ಬೇರೆ ಗಡಿಯಾರವಿರಲಿಲ್ಲ. ಸಂಗೀತದ ಮಿಸ್ಸು ಮಾತ್ರ ಒಂದು ಕೈಗಡಿಯಾರ ಕಟ್ಟುತ್ತಿದ್ದರು. ಅದು ಅವರಿಗೆ ಮದುವೆಯಲ್ಲಿ ಬಂದದ್ದು, ನಿಂತು ಎಷ್ಟೋ ವರ್ಷವಾಗಿತ್ತು. ಬಳೆಯ ಜೊತೆಗೆ ಬಳೆಯ ಹಾಗೆ ಅದೂ ಅವರ ಕೈಮೇಲಿರುತ್ತಿತ್ತು.

ದಸರಾ ರಜಕ್ಕೆ ಮುಂಚೆ ಶಾಲೆಯಲ್ಲಿ ಶಾರದಾ ಪೂಜೆ. ಬೆಳಿಗ್ಗೆ ಬೇಗ ಎಲ್ಲರ ಪುಸ್ತಕಗಳನ್ನೂ ಹಾಲಿನಲ್ಲಿ ಮಣೆಗಳ ಮೇಲೆ ಒಟ್ಟಿ, ಮುಂದೆ ಶಾರದೆಯ ಪಟವಿಟ್ಟು, ಭಟ್ಟರು ಬಂದು ಅರಿಶಿನ ಕುಂಕುಮವಿಟ್ಟು ಮಂಗಳಾರತಿ ಮಾಡಿದರೆಂದರೆ ಮುಗಿಯಿತು. ಮರುದಿನ ಬೆಳಿಗ್ಗೆ ಭಟ್ಟರೇ ಬಂದು 'ಕದಲಿಸುವ'ವರೆಗೆ ಆ ರಾಶಿಯಲ್ಲಿದ್ದುದನ್ನು ಯಾರೂ ಮುಟ್ಟುವಂತಿಲ್ಲ. ಪುಸ್ತಕವಿಲ್ಲವಾದ್ದರಿಂದ ಪಾಠವಿಲ್ಲ. ಆದರೆ ಪಾಠವಿಲ್ಲವೆಂದು ಮಕ್ಕಳನ್ನು ಬೇಗ ಮನೆಗೆ ಬಿಡುವ ಪದ್ಧತಿಯೂ ಇರಲಿಲ್ಲ. ಪೂಜೆ ಪೂಜೆಯೇ, ಸ್ಕೂಲು ಸ್ಕೂಲೇ, ನಾಲ್ಕರ ಗಂಟೆ ಹೊಡೆಯದೆ ಗೇಟು ತೆಗೆಯುವುದಿಲ್ಲ, ಇದು ಹೆಡ್ ಮಿಸ್ಸಿನ ಸಿದ್ಧಾಂತ. ಹೀಗಾಗಿ ವರ್ಷದಲ್ಲಿ ಅದೊಂದು ದಿನ ಶಾಲೆಯೆಂಬುದು ಒಳಗೆ ಏನೂ ಇಲ್ಲದ ಸುಂದರವಾದ ಡಬ್ಬಿಯಾಗುತ್ತಿತ್ತು. ಹಾಡು, ರಂಗೋಲಿ, ಜಡೆ ಕೋಲಾಟ, ಕೋಸಂಬರಿ, ಮತ್ತೆ ಹಾಡು.

ಆ ವರ್ಷ ಅದೇ ದಿನ ನಮ್ಮ ಮನೆಗೆ ಹೆಣ್ಣು ನೋಡುವವರು ಬರುವುದೆಂದು ನಿಶ್ಚಯವಾಗಿತ್ತು. ನೋಡಬೇಕಾದ ಹೆಣ್ಣು ನನ್ನ ಅಕ್ಕ, ಕಮಲ. ಎಂಟನೆಯ ತರಗತಿ, ಆ ತರಗತಿಗೆ ಅವಳೇ ಲೀಡರು, ಹದಿನೈದು ತುಂಬುತ್ತಿದ್ದ ವಯಸ್ಸು. ನಾನು ಅವಳಿಗಿಂತ ಐದಾರು ವರ್ಷಕ್ಕೆ ಚಿಕ್ಕವಳು, ಅದೇ ಶಾಲೆಯ ಕೆಳಗಿನ ತರಗತಿಯಲ್ಲಿದ್ದೆ. ಅಕ್ಕನಿಗೆ ಲೆಕ್ಕವೆಂದರೆ ಪ್ರಾಣ. ಹೈಸ್ಕೂಲು ಸೇರಬೇಕು, ಬೀಜಗಣಿತ ಕಲಿಯಬೇಕು ಎಂಬುದು ಅವಳ ಆಸೆ. ಅದನ್ನು ಅವಳು ಹೆಚ್ಚು ಮಾತಿನಲ್ಲಿ ಹೇಳುತ್ತಿರಲಿಲ್ಲ. ಹೈಸ್ಕೂಲಿನ ಮುಂದೆ ಹಾದುಹೋಗುವಾಗ ಅವಳ ನಡಿಗೆ ನಿಧಾನವಾಗುತ್ತಿತ್ತು, ಅವಳ ಕೈ ಹಿಡಿದಿದ್ದ ನನಗೆ ಅದು ತಿಳಿಯುತ್ತಿತ್ತು. ಈ ಸಂಬಂಧ ಕುದುರಿದರೆ ಹೈಸ್ಕೂಲಿಲ್ಲ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು.

ವರನ ತಂದೆ ಅರಸೀಕೆರೆ ಕಡೆಯವರು, ನಿವೃತ್ತ ಸ್ಟೇಷನ್ ಮಾಸ್ಟರು. ವರನೂ ರೈಲ್ವೆಯಲ್ಲೇ ಗುಮಾಸ್ತ. ನಾಲ್ಕು ಗಂಟೆಗೆ ಬಂದು ಹುಡುಗಿಯನ್ನು ನೋಡಿ, ತಿಂಡಿ ತಿಂದು, ಸಂಜೆಯ ರೈಲಿಗೆ ಹಿಂದಿರುಗುವುದು ಅವರ ಏರ್ಪಾಟು. ಅಕ್ಕನನ್ನು ಬೆಳಿಗ್ಗೆಯೇ ಮನೆಯಲ್ಲಿ ನಿಲ್ಲಿಸಿಕೊಳ್ಳೋಣವೆಂದು ಅಮ್ಮ ಅಂದರೆ ಅಜ್ಜಿ ಒಪ್ಪಲಿಲ್ಲ.

"ಸ್ಕೂಲು ಬಿಡಿಸಿ ಕೂಡಿಸ್ಕೊಂಡ್ರೆ ಬೀದಿಗೆಲ್ಲಾ ಗೊತ್ತಾಗತ್ತೆ. ಆಗ್ದೇ ಹೋದ್ರೆ ನಾಳೆ ಯಾರ್‍ಯಾರಿಗೆ ಅಂತ ಜವಾಬು ಹೇಳ್ತೀಯ? ಹೋಗ್ಲಿ, ನಾಲ್ಕಕ್ಕೆ ಬರ್ಲಿ. ಮುಖ ತೊಳ್ದು ಸೀರೆ ಉಡ್ಸಕ್ಕೆ ಎಷ್ಟು ಹೊತ್ತು."

ಅಕ್ಕ ಆಗ ಕಂಬಕ್ಕೆ ಒರಗಿ ನನ್ನ ಜಡೆ ಹೆಣೆಯುತ್ತಿದ್ದಳು. ಅವಳು ಕೇಳಿದ್ದು ಒಂದೇ ಮಾತು. "ಅಪ್ಪಾ, ಅವ್ರ ರೈಲು ಎಷ್ಟು ಗಂಟೆಗೆ?"

ಅಪ್ಪನಿಗೆ ಸಂತೋಷವಾಯಿತು. ಹುಡುಗಿ ಆಸಕ್ತಿ ತೋರಿಸುತ್ತಿದ್ದಾಳೆ ಎಂದುಕೊಂಡಿರಬೇಕು. "ಐದೂಮುಕ್ಕಾಲಿಗಮ್ಮಾ. ಆದ್ರೆ ಅವ್ರು ಸ್ಟೇಷನ್ ಮಾಸ್ಟ್ರು ನೋಡು, ಅರ್ಧ ಗಂಟೆ ಮುಂಚೆ ಪ್ಲಾಟ್‌ಫಾರಂ ಮೇಲೆ ಇರ್ಬೇಕು ಅಂತಾರೆ. ಅಷ್ಟು ಶಿಸ್ತು."

ಅಕ್ಕ ಜಡೆ ಹೆಣೆದು ಮುಗಿಸಿದಳು. ಆ ದಿನ ಜಡೆ ಬಿಗಿಯಾಗಿತ್ತೆಂದು ದಿನಚರಿಯ ಒಂದು ಬರಹದಲ್ಲಿ ಬರೆದಿದ್ದೇನೆ. ಅಷ್ಟನ್ನು ನಂಬಬೇಡಿ, ಅದು ಸಾಹಿತ್ಯಕ್ಕಾಗಿ ಬಂದದ್ದಿರಬಹುದು.

ಇನ್ನು ತುಂಟತನಕ್ಕೆ ಬರುತ್ತೇನೆ. ಮನೆಯಲ್ಲಿ ಪ್ರಚಲಿತವಾಗಿರುವ, ನಾನೂ ಎಷ್ಟೋ ಮದುವೆಮನೆಗಳಲ್ಲಿ ಅಭಿನಯಸಹಿತ ಹೇಳಿ ನಗಿಸಿರುವ ಕಥೆ ಹೀಗೆ. ಪುಟ್ಟಿಗೆ ಕೋಲಾಟವೆಂದರೆ ಹುಚ್ಚು. ನಾಲ್ಕಕ್ಕೆ ಗಂಟೆ ಹೊಡೆದರೆ ಕೋಲಾಟ ನಿಂತುಹೋಗುತ್ತದೆ. ಗಡಿಯಾರವೇ ನಿಂತರೆ ಗಂಟೆ ಹೊಡೆಯುವುದು ಹೇಗೆ? ಆದ್ದರಿಂದ ಪುಟ್ಟಿ ಬೆಳಿಗ್ಗೆ ಗಡಿಯಾರದ ಕೀಯನ್ನು ಕದ್ದು ತಂದು, ಭಟ್ಟರು ಬರುವ ಮುಂಚೆ ಪುಸ್ತಕದ ರಾಶಿಯಲ್ಲಿ ಸೇವಂತಿಗೆ ಹೂವಿನ ಮಧ್ಯೆ ಇಟ್ಟುಬಿಟ್ಟಳು. ಭಟ್ಟರಿಗೆ ಆಯುಧವೋ ವಿದ್ಯೋಪಕರಣವೋ ಎಂಬ ಭೇದವಿಲ್ಲ. ಕಣ್ಣಿಗೆ ಬಿದ್ದದ್ದಕ್ಕೆಲ್ಲ ಕುಂಕುಮವಿಡುವವರು ಕೀಗೂ ಒಂದು ಬೊಟ್ಟಿಟ್ಟು ಮಂತ್ರಾಕ್ಷತೆ ಹಾಕಿದರು. ಗಡಿಯಾರದ ಕೀ ದೇವರಾಯಿತು.

ಊಟದ ಬಿಡುವಿನಲ್ಲಿ ಹುಡುಕಾಟ ಶುರುವಾದದ್ದು ನನಗೆ ನೆನಪಿದೆ. ಮೊಳೆಯ ಮೇಲೆ ಕೀ ಇಲ್ಲ. ಮೇಜಿನ ಕೆಳಗಿಲ್ಲ, ಬೀರುವಿನ ಹಿಂದಿಲ್ಲ. ಕೊನೆಗೆ ಯಾರೋ ಹುಡುಗಿ ಹೂವಿನ ಸಂದಿಯಲ್ಲಿ ಹೊಳೆದ ಹಿತ್ತಾಳೆಯನ್ನು ತೋರಿಸಿದಳು. ಹೆಡ್ ಮಿಸ್ಸು ಮಡಿಸೀರೆಯಲ್ಲಿ ಬಂದು ನಿಂತರು. ಎತ್ತರದ, ತೆಳ್ಳಗಿನ ಹೆಂಗಸು. ಕನ್ನಡಕವನ್ನು ಮೂಗಿನ ತುದಿಗೆ ತಂದು ಬಗ್ಗಿ ನೋಡಿದರು. ಕೈ ಮುಂದೆ ಹೋಯಿತು. ಕೀಯ ಮೇಲಿನ ಕುಂಕುಮದ ಬೊಟ್ಟು ಕಾಣಿಸಿತು. ಕೈ ಹಿಂದಕ್ಕೆ ಬಂತು.

"ಪೂಜೆ ಆಗ್ಹೋಗಿದೆ" ಎಂದರು. "ನಾಳೆ ಭಟ್ಟರು ಬಂದು ಕದಲ್ಸೋವರ್ಗೂ ಯಾರೂ ಮುಟ್ಕೂಡ್ದು."

"ಹಂಗಾದ್ರೆ ಗಂಟೆ ಹೆಂಗ್ ಹೊಡೀಲವ್ವಾ?" ಎಂದಳು ತಾಯಮ್ಮ, ಸರಳನ್ನು ಮಗುವಿನಂತೆ ಕಂಕುಳಲ್ಲಿಟ್ಟುಕೊಂಡು.

ಮಧ್ಯಾಹ್ನ ಎರಡರ ಸುಮಾರಿಗೆ ಗಡಿಯಾರ ನಿಂತಿತು. ಅದು ನಿಂತ ಸದ್ದನ್ನು ನಾನು ಕೇಳಿದೆನೆಂದು ಬಹಳ ಕಾಲ ನಂಬಿದ್ದೆ. ನಿಲ್ಲುವುದಕ್ಕೆ ಸದ್ದೇನು ಬಂತು?

ಆಮೇಲಿನ ಮಧ್ಯಾಹ್ನವನ್ನು ವರ್ಣಿಸಲು ಹೊರಟಾಗಲೆಲ್ಲ ನನ್ನ ಲೇಖನಿ ನಿಧಾನವಾಗುತ್ತದೆ. ಅಂಥ ಹೊತ್ತು ನನಗೆ ಮತ್ತೆ ಸಿಕ್ಕಿಲ್ಲ. ಮೋಡ ಕವಿದಿತ್ತು, ಹೊಂಗೆ ಮರಕ್ಕೆ ನೆರಳೇ ಇರಲಿಲ್ಲ, ಇದ್ದಿದ್ದರೆ ತಾಯಮ್ಮ ಅದನ್ನು ನೋಡಿ ಹೊತ್ತು ಹೇಳುತ್ತಿದ್ದಳೇನೋ, ಹೊಸ ಟೈಮು ಬಂದ ಮೇಲೆ ಆ ರೂಢಿಯೂ ಅವಳಿಗೆ ತಪ್ಪಿಹೋಗಿತ್ತು. ದಿನವೂ ಪಶ್ಚಿಮದ ಕಡೆಯಿಂದ ಕೇಳಿಬರುತ್ತಿದ್ದ ಗಿರಣಿಯ ಕೂಗು ಆ ದಿನ ಕೇಳಲಿಲ್ಲ, ಅಥವಾ ಕೋಲುಗಳ ಸದ್ದಿನಲ್ಲಿ ಮುಳುಗಿಹೋಯಿತು. ಹಾಲಿನ ನಡುವಿನ ತೊಲೆಯಿಂದ ಬಣ್ಣಬಣ್ಣದ ಹಗ್ಗಗಳು ಇಳಿಬಿದ್ದಿದ್ದವು. ನಾವು ಒಂದೊಂದು ಹಗ್ಗ ಹಿಡಿದು ಸುತ್ತುತ್ತಾ ಜಡೆ ಹೆಣೆದೆವು, ಹಿಂದಕ್ಕೆ ಸುತ್ತುತ್ತಾ ಬಿಚ್ಚಿದೆವು, ಮತ್ತೆ ಹೆಣೆದೆವು. ಊದುಬತ್ತಿಯ ಹೊಗೆ ಕಿಟಕಿಯ ತನಕ ಹೋಗಿ, ಹೊರಗೆ ಹೋಗುವುದೋ ಬೇಡವೋ ಎಂದು ಅಲ್ಲೇ ನಿಂತಿತ್ತು. ಸಂಗೀತದ ಮಿಸ್ಸು ಒಂದೇ ಹಾಡನ್ನು ಹಾಡಿಸುತ್ತಿದ್ದರು. ಮುಗಿದ ಕಡೆಯಿಂದಲೇ ಅದು ಮತ್ತೆ ಆರಂಭವಾಗುತ್ತಿತ್ತು. ಚಿಕ್ಕ ಮಕ್ಕಳು ಗೋಡೆಗೊರಗಿ ನಿದ್ದೆ ಹೋದರು. ನಾವು ಮುದುಕಿಯರಾಗುವವರೆಗೂ ಹೀಗೇ ಸುತ್ತುತ್ತಿರಬಹುದು, ಯಾರೂ ಬಂದು ಸಾಕು ಎನ್ನುವುದಿಲ್ಲ ಎಂದು ನನಗನ್ನಿಸಿತು. ಹಾಗೆ ಅನ್ನಿಸಿದ್ದು ಆಗಲೋ, ಬರೆಯುತ್ತಿರುವ ಈಗಲೋ?

ಮಧ್ಯೆ ಒಮ್ಮೆ ಉಪಾಧ್ಯಾಯಿನಿಯರ ನಡುವೆ ಗುಸುಗುಸು ನಡೆಯಿತು. ಹೊತ್ತು ಎಷ್ಟಾಗಿರಬಹುದು? ಕೇಳಿಕೊಂಡು ಬರಲು ತಾಯಮ್ಮನನ್ನು ಕಳಿಸಿದರು. ಅವಳು ಎದುರು ಮನೆಯ ಜಗಲಿಗೆ ಹೋಗಿ ಶಾನುಭೋಗ ತಾತನನ್ನು ಕೇಳಿ ಬಂದಳು.

"ಮೂರು ಗಂಟೆಯಂತೆ ಕಣ್ರವ್ವ."

ಅವರ ಗಡಿಯಾರದಲ್ಲಿ ಮೂರೇ ಆಗಿತ್ತು, ಪಾಪ. ಊರಿಗೆಲ್ಲ ಆಗ ನಾಲ್ಕು. ಯಾವ ಮೂರು ಎಂದು ಕೇಳಬೇಕೆಂದು ಅಷ್ಟು ಜನ ಓದಿದ ಹೆಂಗಸರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೆಡ್ ಮಿಸ್ಸಿಗೆ ಸ್ವಲ್ಪ ಅನುಮಾನ ಬಂದಂತಿತ್ತು, ಆದರೆ ಅವರ ತರ್ಕ ಬೇರೆ. "ಇರ್ಲಿ, ಇನ್ನೊಂದು ಗಂಟೆ ಬಿಟ್ಟೇ ಬಿಡೋಣ. ಬೇಗ ಬಿಟ್ರೆ ಇನ್ಸ್‌ಪೆಕ್ಟ್ರು ಕೇಳ್ತಾರೆ. ತಡವಾದ್ರೆ ಯಾರೂ ಕೇಳಲ್ಲ."

ತಡವಾದುದನ್ನು ಕೇಳುವವರು ಆ ಹೊತ್ತಿಗೆ ನಮ್ಮ ನಡುಮನೆಯಲ್ಲಿ, ಹೊಸ ಚಾಪೆಯ ಮೇಲೆ ಕೂತಿದ್ದರು. ಈ ದೃಶ್ಯವನ್ನು ನಾನು ಕಂಡಿಲ್ಲ; ಆದರೆ ಅಮ್ಮ, ಅಜ್ಜಿ, ಅಪ್ಪ ಮೂವರೂ ಬೇರೆ ಬೇರೆಯಾಗಿ ಹೇಳಿ ಹೇಳಿ, ಕಂಡದ್ದಕ್ಕಿಂತ ಚೆನ್ನಾಗಿ ನೆನಪಿದೆ. ಸ್ಟೇಷನ್ ಮಾಸ್ಟರು ನಾಲ್ಕಕ್ಕೆ ಸರಿಯಾಗಿ ಹೊಸಿಲು ದಾಟಿದರು. ಜೇಬಿನಿಂದ ಸರಪಳಿಯ ಗಡಿಯಾರ ತೆಗೆದು ನಮ್ಮ ಗೋಡೆ ಗಡಿಯಾರಕ್ಕೆ ಹೋಲಿಸಿ, ಸಮಾಧಾನದಿಂದ ತಲೆದೂಗಿದರು. ಮೊದಲು ಕಾಫಿ ಬಂತು. ಆಮೇಲೆ ತಿಂಗಳ ರೇಷನ್ ಸಕ್ಕರೆಯನ್ನೆಲ್ಲ ಕೂಡಿಟ್ಟು ಅಮ್ಮ ಮಾಡಿದ್ದ ಕೇಸರಿಭಾತು ಬಂತು. ಹುಡುಗಿ ಬರಲಿಲ್ಲ.

"ಇನ್ನೇನು ಬಂದ್ಬಿಡ್ತಾಳೆ, ಸ್ಕೂಲು ಇಲ್ಲೇ, ಮುಂದಿನ ಬೀದಿ" ಎಂದರು ಅಪ್ಪ.

ಗಡಿಯಾರ ಜೇಬಿನಿಂದ ಹೊರಗೆ ಬಂತು, ಒಳಗೆ ಹೋಯಿತು. ವರ ಮಹಾಶಯ ಕೇಸರಿಭಾತನ್ನು ಎರಡನೆಯ ಸಲ ಹಾಕಿಸಿಕೊಂಡನಂತೆ. ಆ ಇಡೀ ಪ್ರಕರಣದಲ್ಲಿ ನನಗೆ ಸ್ವಲ್ಪ ಮಮತೆ ಹುಟ್ಟುವುದು ಅವನ ಮೇಲೆ. ನಾಲ್ಕೂಮುಕ್ಕಾಲಿಗೆ ಸ್ಟೇಷನ್ ಮಾಸ್ಟರು ಎದ್ದು ನಿಂತರು.

"ರೈಲು ನಮ್ಗೋಸ್ಕರ ನಿಲ್ಲೋಲ್ಲ ಸ್ವಾಮಿ" ಎಂದರು. "ತಪ್ಪು ತಿಳೀಬೇಡಿ. ನಮ್ದು ಗಾಡಿ ಟೈಮಿಗೆ ನಡ್ಯೋ ಮನೆ. ಹೊತ್ತಿಗೆ ಬಾರ್‍ದ ಹುಡುಗಿ ನಮ್ಗೆ ಆಗಿಬರೋಲ್ಲ."

ಜಟಕಾ ತಿರುವಿನಲ್ಲಿ ಮರೆಯಾಗುತ್ತಿದ್ದಂತೆ ಅಪ್ಪ ಛತ್ರಿ ಹಿಡಿದು ಶಾಲೆಯ ಕಡೆ ಓಡಿ ಬಂದರು. (ಛತ್ರಿಯಿತ್ತು ಎಂದ ಮೇಲೆ ಮಳೆಯೂ ಇದ್ದಿರಬೇಕು. ಆದರೆ ಅಪ್ಪ ಬಿಸಿಲಿನಲ್ಲೂ ಛತ್ರಿ ಹಿಡಿಯುವವರು.) ಗೇಟಿನ ಕಂಬಿಗಳ ಆಚೆ ಅವರ ಮುಖ ಕಂಡದ್ದು ನನಗೆ ಸ್ಪಷ್ಟವಾಗಿ ನೆನಪಿದೆ.

"ಏನಮ್ಮಾ ಇದು, ಐದಾಯ್ತು, ಇನ್ನೂ ಮಕ್ಕಳ್ನ ಬಿಟ್ಟಿಲ್ವಲ್ಲ?"

ಹೆಡ್ ಮಿಸ್ಸು ಅವರನ್ನು ದಿಟ್ಟಿಸಿ ನೋಡಿದರು. "ಐದು ಅಂದ್ರೆ ನಿಮ್ಮನೇಲಿ ಯಾವ ಟೈಮು?"

ಅಪ್ಪನ ಮಾತಿನ ಮೇಲೆ ನಂಬಿಕೆಯಿಟ್ಟು ಆ ದಿನ ಇಡೀ ಶಾಲೆಯನ್ನು ಬಿಟ್ಟರು. ತಾಯಮ್ಮ ಹಳಿಗೆ ಬಡಿದ ಬಡಿತಕ್ಕೆ ನಿದ್ದೆ ಹೋಗಿದ್ದ ಮಕ್ಕಳು ಅಳುತ್ತಾ ಎದ್ದವು. ಮನೆಗೆ ಬರುವಾಗ ಅಪ್ಪ ಬಿರಬಿರನೆ ಮುಂದೆ ನಡೆದರು. ಅಕ್ಕ ನನ್ನ ಕೈ ಹಿಡಿದು ನೆಲ ನೋಡುತ್ತಾ ನಡೆದಳು. ಮನೆಯಲ್ಲಿ ಅಜ್ಜಿ ಅತ್ತಳು, ಅಮ್ಮ ಅಳಲಿಲ್ಲ, ಉಳಿದ ಕೇಸರಿಭಾತನ್ನು ನಾವು ತಿಂದೆವು. ಅಕ್ಕ ಬಟ್ಟಲು ಖಾಲಿ ಮಾಡಿ, ಬೆರಳಿಂದ ಬಳಿದು ನೆಕ್ಕಿದಳು. ಆಗ ಯಾರೂ ಅದನ್ನು ಗಮನಿಸಲಿಲ್ಲ. ನಾನೂ ಗಮನಿಸಲಿಲ್ಲ, ಬಹಳ ವರ್ಷದ ಮೇಲೆ ಅದು ತಾನಾಗಿ ನೆನಪಿಗೆ ಬಂತು.

ಮರುದಿನ ಭಟ್ಟರು ಬಂದು ಪೂಜೆ ಕದಲಿಸಿದರು. ಯಾರು ಇಟ್ಟದ್ದೆಂದು ಹೆಡ್ ಮಿಸ್ಸು ಕೇಳಿದಾಗ ನಾನು ಎದ್ದು ನಿಂತೆ, ಹೆದರಿಕೆಗಿಂತ ಹೆಮ್ಮೆಯಿಂದಲೇ. ಅವರಿಗೆ ಪೇಚಾಟವಾಯಿತು. ಶಾರದೆಯೇ ಸ್ವೀಕರಿಸಿದ ಮೇಲೆ ಶಿಕ್ಷೆ ಕೊಡುವುದು ಹೇಗೆ? ಕೊನೆಗೆ ನನ್ನ ಕೈಯಿಂದಲೇ ಕೀಯನ್ನು ಎತ್ತಿಸಿ, "ನಿನ್ನ ಭಕ್ತಿ ಜಾಸ್ತಿಯಾಯ್ತು ತಾಯಿ" ಎಂದು ಕಿವಿ ಹಿಂಡಿ ಬಿಟ್ಟರು. ಒದ್ದೆ ಹೂವಿನ ಕೆಳಗೆ ಮಲಗಿದ್ದ ಕೀ ತಣ್ಣಗೆ ಕೊರೆಯುತ್ತಿತ್ತು.

ಸ್ಟೇಷನ್ ಮಾಸ್ಟರ ಮಾತು ಅಪ್ಪನಿಗೆ ಬಹಳ ನಾಟಿತು. ನನ್ನ ಮಗಳನ್ನು ಗೂಡ್ಸ್ ಗಾಡಿಯೆಂದುಕೊಂಡರೇ ಎಂದು ರೇಗಿ, "ಹೈಸ್ಕೂಲು ಮುಗೀಲಿ, ಆಮೇಲೆ ನೋಡೋಣ" ಎಂದುಬಿಟ್ಟರು. ಹೈಸ್ಕೂಲು ಮುಗಿಯಿತು, ಅಜ್ಜಿ ತೀರಿಕೊಂಡಳು, ಕಾಲೇಜು ಮುಗಿಯಲಿ ಎಂದಾಯಿತು. ಈಗ ಅಕ್ಕ ಮೈಸೂರಿನಲ್ಲಿ ಹೆಣ್ಣುಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಒಂದು ಕೋಣೆ, ಒಂದು ಸ್ಟವ್ವು, ಕಿಟಕಿಯಲ್ಲಿ ಒಂದು ತುಳಸಿ ಕುಂಡ. ಮದುವೆಯಾಗಿಲ್ಲ. ಅಮ್ಮನಿಗೆ ಇದು ಒಮ್ಮೊಮ್ಮೆ ನೆನಪಾಗಿ, ಕೊಬ್ಬರಿ ತುರಿಯುತ್ತಲೋ ಬತ್ತಿ ಹೊಸೆಯುತ್ತಲೋ, "ಅವತ್ತು ನೀನು ಆ ಹಾಳು ಕೀ ಮುಟ್ಟದೇ ಇದ್ದಿದ್ರೆ ಇಷ್ಟೊತ್ತಿಗೆ ನಂಗೆ ಮೊಮ್ಮಕ್ಕಳಿರ್ತಿದ್ವು" ಎನ್ನುತ್ತಾಳೆ. ನಗುತ್ತಲೇ ಹೇಳುತ್ತಾಳೆ. ನಾನೂ ನಗುತ್ತೇನೆ. ಗಡಿಯಾರ ಮುಟ್ಟುವ ಅಧಿಕಾರ ನನಗೆ ತಪ್ಪಿದ್ದು ಹೀಗೆ. ಒಬ್ಬಳ ಬದುಕನ್ನೇ ಬೇರೆ ಹಳಿಗೆ ತಿರುಗಿಸಿದ ತುಂಟಿ ಎಂಬ ಬಿರುದನ್ನು ನಾನು ಚಿಕ್ಕಂದಿನಿಂದ ಹೊತ್ತುಕೊಂಡಿದ್ದೇನೆ. ಕೆಲವು ದಿನ ಅದು ಕಿರೀಟದಂತಿರುತ್ತದೆ, ಕೆಲವು ದಿನ ಮೂಟೆಯಂತೆ. ಅಕ್ಕ ಜ್ವರದಲ್ಲಿ ಒಬ್ಬಳೇ ಮಲಗಿದ್ದಳೆಂದು ಕಾಗದ ಬಂದ ದಿನ ಅದು ಮೂಟೆ.

ಈ ಕಥೆಯಲ್ಲಿ ಒಂದು ತೊಡಕಿದೆ. ಅದು ನನಗೆ ಹೊಳೆದದ್ದು ಈಚೆಗೆ, ಹಳೆಯ ಶಾಲೆಗೆ ಯಾವುದೋ ಬಹುಮಾನ ವಿತರಣೆಯ ನೆಪದಲ್ಲಿ ಹೋದಾಗ. ಹೆಡ್ ಮಿಸ್ಸಿನ ಕೋಣೆಯಲ್ಲಿ ಈಗ ಬೇರೆಯವರು ಕೂತಿದ್ದಾರೆ, ಗಡಿಯಾರವೂ ಬೇರೆ. ಕೀ ನೇತುಹಾಕುತ್ತಿದ್ದ ಹಳೆಯ ಮೊಳೆ ಮಾತ್ರ ಅಲ್ಲೇ ಇತ್ತು, ಸುಣ್ಣ ಬಳಿಸಿಕೊಂಡು. ನಾನು ಕೈ ಚಾಚಿದೆ. ಬೆರಳು ತಾಗಲಿಲ್ಲ. ಈಗಲೂ, ಇಷ್ಟು ಬೆಳೆದ ಮೇಲೂ, ಹಿಮ್ಮಡಿಯೆತ್ತಿ ನಿಂತರೂ ತಾಗಲಿಲ್ಲ. ಆಗ ನೆನಪಾಯಿತು, ಆ ಗಡಿಯಾರಕ್ಕೆ ದಿನವೂ ಸ್ಟೂಲು ಹತ್ತಿ ಕೀ ಕೊಡುವ ಕೆಲಸ ಎಂಟನೆಯ ತರಗತಿಯ ಲೀಡರಿನದು. ಕಮಲಕ್ಕನದು.

ಸಣ್ಣ ಹುಡುಗಿಯೊಬ್ಬಳು ಭಾರದ ಸ್ಟೂಲನ್ನು ಎಳೆದು, ಹತ್ತಿ, ಕೀ ತೆಗೆದು, ಇಳಿದು, ಯಾರಿಗೂ ಕಾಣದಂತೆ ಹಾಲಿಗೆ ಬಂದಳೇ? ಇರಬಹುದು, ತುಂಟಿಯರು ಸಾಹಸಿಗಳು. ಆದರೆ ನಾನು ಎಷ್ಟು ಕಣ್ಣು ಮುಚ್ಚಿ ಕೂತರೂ ಸ್ಟೂಲು ಹತ್ತಿದ ನೆನಪು ಬರುವುದಿಲ್ಲ. ಬರುವುದು ಕೀಯನ್ನು ಹೂವಿನ ನಡುವೆ ಇಟ್ಟ ನೆನಪು ಮಾತ್ರ. ಆಗ ಅದು ನನ್ನ ಅಂಗೈಯಲ್ಲಿ ಬೆಚ್ಚಗಿತ್ತು. ಬೆಳಗಿನ ತಂಪಿನಲ್ಲಿ, ಮೋಡದ ದಿನ, ಗೋಡೆಯ ಮೊಳೆಯಿಂದ ಆಗ ತಾನೇ ತೆಗೆದ ಹಿತ್ತಾಳೆ ಬೆಚ್ಚಗಿರುವುದು ಹೇಗೆ? ಯಾರದೋ ಮುಷ್ಟಿಯಲ್ಲಿ ಬಹಳ ಹೊತ್ತು ಇದ್ದು ಬಂದದ್ದು ಮಾತ್ರ ಹಾಗಿರುತ್ತದೆ.

ಒಂದು ಎಳೆ ಸಿಕ್ಕ ಮೇಲೆ ಉಳಿದವೂ ಬರತೊಡಗಿದವು; ಅದೇ ನನಗೆ ಭಯ. ತಾಯಮ್ಮನನ್ನು ಹೊತ್ತು ಕೇಳಲು ಕಳಿಸಿದಾಗ ಹಾಲಿನ ಬಾಗಿಲಲ್ಲಿ ಯಾರೋ "ಎದುರುಮನೆ ತಾತನ್ನೇ ಕೇಳು ತಾಯಮ್ಮ, ಅವ್ರು ಜಗಲೀಲೇ ಇರ್ತಾರೆ" ಎಂದದ್ದು ನೆನಪಿದೆ, ಆ ದನಿ ಈಗ ನನ್ನ ಕಿವಿಗೆ ಅಕ್ಕನ ದನಿಯಂತೆಯೇ ಕೇಳುತ್ತಿದೆ. ಬೀದಿಗೆಲ್ಲ ಗೊತ್ತಿದ್ದ ಶಾನುಭೋಗರ ಹಳೆಯ ಟೈಮು ಅಕ್ಕನಿಗೆ ಗೊತ್ತಿರಲಿಲ್ಲವೇ? ನಾಲ್ಕಕ್ಕೆ ಬರುವವರು, ಐದೂಮುಕ್ಕಾಲಿನ ರೈಲು, ಅರ್ಧ ಗಂಟೆ ಮುಂಚೆ ಪ್ಲಾಟ್‌ಫಾರಂ. ಎರಡು ಊರುಗಳಿಂದ ಹೊರಟ ರೈಲುಗಳು ಎಲ್ಲಿ ಸಂಧಿಸುತ್ತವೆಂದು ಬಾಯಿಲೆಕ್ಕದಲ್ಲೇ ಹೇಳುತ್ತಿದ್ದ ಹುಡುಗಿ, ಸಂಧಿಸದಂತೆ ಮಾಡುವ ಲೆಕ್ಕವೊಂದನ್ನು ಮಾಡಿರಲಾರಳೇ?

ಅಥವಾ ಇದೆಲ್ಲ ನನ್ನ ಕಟ್ಟುಕಥೆ. ಮೂಟೆ ಭಾರವೆನಿಸಿದಾಗ ಇನ್ನೊಬ್ಬರ ತಲೆಗೆ ದಾಟಿಸುವುದು ಮನಸ್ಸಿಗೆ ಸುಲಭ, ಅದರಲ್ಲೂ ಆ ಇನ್ನೊಬ್ಬರ ಪಾಲಿಗೆ ಅದು ಮೂಟೆಯಲ್ಲ, ಕಿರೀಟವೆಂದು ಹೇಳಿಕೊಳ್ಳಬಹುದಾದರೆ. ಅಕ್ಕನ ಒಂಟಿ ಕೋಣೆ ನನ್ನ ಆಟದಿಂದ ಆದದ್ದಲ್ಲ, ಅವಳೇ ಆರಿಸಿಕೊಂಡದ್ದು ಎಂದಾದರೆ ನಾನು ನೆಮ್ಮದಿಯಾಗಿ ನಿದ್ದೆ ಮಾಡಬಹುದು. ನೆಮ್ಮದಿ ಬೇಕಾದವರ ಜ್ಞಾಪಕಶಕ್ತಿಯನ್ನು ಯಾವ ನ್ಯಾಯಾಲಯವೂ ನಂಬಬಾರದು.

ಮೊನ್ನೆ ನವರಾತ್ರಿಗೆ ಅಕ್ಕ ಬಂದಿದ್ದಳು. ಅಪ್ಪನಿಗೆ ಮಂಡಿನೋವು, ಸ್ಟೂಲು ಹತ್ತುವಂತಿಲ್ಲ. ಅಮ್ಮ ಅಡುಗೆಮನೆಯಿಂದ, "ಕಮಲಾ, ಗಡಿಯಾರಕ್ಕೆ ನೀನೇ ಕೀ ಕೊಟ್ಬಿಡಮ್ಮ, ಅವಳ ಕೈಗೆ ಕೊಡ್ಬೇಡ" ಎಂದಳು. ಅಕ್ಕ ಸ್ಟೂಲು ಹತ್ತಿದಳು. ನಾನು ಅಲುಗದಂತೆ ಹಿಡಿದುಕೊಂಡೆ. ಅವಳ ಸೀರೆಯ ನೆರಿಗೆಗಳು ನನ್ನ ಕೆನ್ನೆಗೆ ತಾಗುತ್ತಿದ್ದವು. ಹೊರಗೆ ಮೋಡವಾಗಿತ್ತು. ಕರಕರ ಎಂದು ಕೀ ಸುತ್ತುವ ಸದ್ದು, ನಡುನಡುವೆ ಅವಳು ಬಾಯಲ್ಲೇ ಎಣಿಸಿಕೊಳ್ಳುವ ಸದ್ದು. ಮುಗಿಸಿ, ಇಳಿದು, ಅಮ್ಮನ ಮಾತು ಮರೆತವಳಂತೆ ಅವಳು ಕೀಯನ್ನು ನನ್ನ ಅಂಗೈಯಲ್ಲಿಟ್ಟಳು.

ಬೆಚ್ಚಗಿತ್ತು.

ನಾನು ಕೇಳಿಯೇಬಿಟ್ಟೆ. ಅಕ್ಕ ನನ್ನ ಮುಖವನ್ನು ನೋಡಿದಳು, ಗಡಿಯಾರವನ್ನು ನೋಡಿದಳು, "ಇದು ಎರಡು ನಿಮಿಷ ಮುಂದಿದೆ ಕಣೇ" ಎಂದು ಸ್ಟೂಲನ್ನು ಎತ್ತಿಕೊಂಡು ಒಳಗೆ ಹೋದಳು. ಹಬ್ಬ ಮುಗಿಸಿಕೊಂಡು ಮೈಸೂರಿಗೂ ಹೋದಳು. ತಲುಪಿದೆನೆಂದು ಬರೆದ ಕಾರ್ಡಿನಲ್ಲಿ ತುಳಸಿಯ ವಿಷಯವಿದೆ, ಅಪ್ಪನ ಮಂಡಿಗೆ ಹಚ್ಚುವ ಎಣ್ಣೆಯ ವಿಷಯವಿದೆ. ಆ ಕೀಯನ್ನು ನಾನು ಮೊಳೆಗೆ ಹಾಕಿದ್ದೇನೆ. ಅದು ನನ್ನ ಕೈಗೆ ಬಂದದ್ದು ಅಮ್ಮನಿಗೆ ಇನ್ನೂ ಗೊತ್ತಿಲ್ಲ. ನಾನು ಕೇಳಿದ್ದು ಇಷ್ಟೆ:

"ಅಕ್ಕಾ, ಅವತ್ತು ಶಾರದೆ ಮುಂದೆ ಇಡು ಅಂತ ನನ್ನ ಕೈಗೆ ಆ ಕೀ ಕೊಟ್ಟೋಳು ನೀನೇನಾ?"